ಕೂಸಿನ ನೆಗಡಿ: ಉಸಿರನ್ನು ಎಣಿಸಿ ನೋಡಿರಿ

ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಆರ್.ಎಸ್.ವಿ. ಎಂಬ ವೈರಸ್ಸಿನ ಸೋಂಕು ತಗಲುತ್ತದೆ. ಹೆಚ್ಚಿನವರಲ್ಲಿ ಇದು ನೆಗಡಿ, ಕೆಮ್ಮು, ಅಲ್ಪ ಜ್ವರವಾಗಿ ಕಾಣಿಸಿಕೊಂಡು ಒಂದೆರಡು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಆದರೆ ಆರು ತಿಂಗಳೊಳಗಿನ ಕೂಸುಗಳಲ್ಲಿ, ಅದರಲ್ಲಿಯೂ ದಿನ ತುಂಬುವ ಮೊದಲೇ ಹುಟ್ಟಿದವುಗಳಲ್ಲಿ, ಸೋಂಕು ಶ್ವಾಸಕೋಶದ ಕಿರುನಾಳಗಳಿಗೆ ಇಳಿಯಬಹುದು. ಆಗ ನಾಳಗಳು ಊದಿ, ಕಫ ಕಟ್ಟಿ, ಉಸಿರಾಟ ಕಷ್ಟವಾಗುತ್ತದೆ.

ಇದನ್ನು ಮನೆಯಲ್ಲಿಯೇ ಗುರುತಿಸಬಹುದು. ಮಗು ಶಾಂತವಾಗಿರುವಾಗ ತಂದೆ ಗಡಿಯಾರ ನೋಡುತ್ತಿರಲಿ. ಅದರ ಹೊಟ್ಟೆ ಏರಿಳಿಯುವುದನ್ನು ತಾಯಿ ಪೂರ್ತಿ ಒಂದು ನಿಮಿಷ ಎಣಿಸಲಿ. ಎರಡು ತಿಂಗಳೊಳಗಿನ ಮಗುವಿನಲ್ಲಿ ಉಸಿರು 60 ಅಥವಾ ಅದಕ್ಕಿಂತ ಹೆಚ್ಚು, ಅನಂತರ ವರ್ಷ ತುಂಬುವವರೆಗೆ 50 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅಂದೇ ವೈದ್ಯರಿಗೆ ತೋರಿಸಿರಿ. ಪಕ್ಕೆ ಒಳಕ್ಕೆ ಸೆಳೆಯುವುದು, ಹಾಲು ಕುಡಿಯದಿರುವುದು, ತುಟಿ ನೀಲಿಗಟ್ಟುವುದು, ನಡುನಡುವೆ ಉಸಿರು ನಿಲ್ಲುವುದು ಪ್ರಾಣಾಪಾಯದ ಚಿಹ್ನೆಗಳು. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಿರಿ. ಅಗತ್ಯವಿದ್ದರೆ ಅಲ್ಲಿ ಆಮ್ಲಜನಕ ಕೊಡುತ್ತಾರೆ.

ಆಂಟಿಬಯಾಟಿಕ್ ಔಷಧಿಗಳು ವೈರಸ್ಸನ್ನು ಕೊಲ್ಲಲಾರವು. ಅಂಗಡಿಯಿಂದ ಕೆಮ್ಮಿನ ಔಷಧಿ ತಂದು ಕುಡಿಸಬಾರದು. ಬರೆ ಹಾಕಿಸಲೇಬಾರದು, ಅದರಿಂದ ಉಸಿರು ಸರಾಗವಾಗುವುದಿಲ್ಲ, ಸುಟ್ಟ ಗಾಯ ಮಾತ್ರ ಉಳಿಯುತ್ತದೆ, ಅಮೂಲ್ಯವಾದ ಸಮಯವೂ ಕಳೆದುಹೋಗುತ್ತದೆ. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸಿರಿ. ಒಲೆಯ ಹೊಗೆ, ಬೀಡಿಯ ಹೊಗೆ ಮಗುವಿಗೆ ತಾಗದಿರಲಿ.

ಈ ಸೋಂಕು ಕೆಮ್ಮು, ಸೀನುಗಳಿಂದಲೂ ಕೈಗಳಿಂದಲೂ ಹರಡುತ್ತದೆ. ಆದುದರಿಂದ ಸಾಬೂನಿನಿಂದ ಕೈತೊಳೆದೇ ಮಗುವನ್ನು ಎತ್ತಿಕೊಳ್ಳಿರಿ. ನೆಗಡಿಯಾದವರು ಕೂಸಿಗೆ ಮುತ್ತಿಡದಿರಲಿ.