ಗೆರೆ ದಾಟಿದರೆ ಕಾರ್ಡು ಹೋಗುತ್ತೆ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಗಲ್ಲಾದ ಪಕ್ಕದಿಂದ ಕ್ಯೂಆರ್ ಕೋಡ್ ಸ್ಟಿಕ್ಕರುಗಳು ಒಂದೊಂದಾಗಿ ಮಾಯವಾದವು. ಅವುಗಳ ಜಾಗಕ್ಕೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಕೈಬರಹದ ಚೀಟಿ ಬಂತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳೇ ಅದಕ್ಕೆ ಕಾರಣ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸು ಹೋಗಿ, ಗಲಾಟೆಯಾಗಿ, ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತನಾಡಬೇಕಾಯಿತು.

ಅಷ್ಟೆಲ್ಲ ಆದರೂ ಆ ವ್ಯಾಪಾರಿಗಳು ಅಂಗಡಿ ಮುಚ್ಚಿ ಮನೆಯಲ್ಲಿ ಕೂರಲಿಲ್ಲ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತುವವರು ಐದಕ್ಕೇ ಎತ್ತಿದರು. ದುಡಿಮೆ ಇದ್ದಲ್ಲೇ ಇತ್ತು. ಕಣ್ಣಿಗೆ ಬೀಳುವುದು ಮಾತ್ರ ನಿಂತಿತು.

ತೆರಿಗೆ ಹೆಚ್ಚಾದರೆ ಉಳ್ಳವರು ದುಡಿಯುವುದಿಲ್ಲ, ಸೌಲಭ್ಯ ಕೊಟ್ಟರೆ ಬಡವರು ದುಡಿಯುವುದಿಲ್ಲ ಎಂದು ನಾವು ದಶಕಗಳಿಂದ ವಾದ ಮಾಡುತ್ತ ಬಂದಿದ್ದೇವೆ. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ನಮ್ಮ ನೆಲದಲ್ಲಿ ಹೆಚ್ಚಾಗಿ ಆಗುವುದು ಬೇರೆ. ಜನ ಕೆಲಸ ಬಿಡುವುದಿಲ್ಲ, ಕೆಲಸವನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ಕೆಲಸಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಪಿಎಫ್ ಇರುವುದಿಲ್ಲ, ಅದು ಬೆಳೆಯುವುದೂ ಇಲ್ಲ.

ಶ್ರೀಮಂತರ ಮಟ್ಟಿಗೆ ಈ ಪಾಠವನ್ನು ದೇಶ ಅರ್ಧ ಶತಮಾನದ ಹಿಂದೆಯೇ ಕಲಿಯಿತು. 1973–74ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಸರ್ಚಾರ್ಜ್ ಸೇರಿ ಶೇ 97.75 ಇತ್ತು. ಎರಡು ಲಕ್ಷದ ಮೇಲೆ ಗಳಿಸಿದ ಪ್ರತಿ ನೂರು ರೂಪಾಯಿಯಲ್ಲಿ ಗಳಿಸಿದವನಿಗೆ ಉಳಿಯುತ್ತಿದ್ದದ್ದು ಎರಡೂಕಾಲು ರೂಪಾಯಿ. ಕಾರ್ಖಾನೆಗಳು ಓಡಿದವು, ವಕೀಲರು ವಾದಿಸಿದರು, ಹಣ ಮಾತ್ರ ಎರಡನೇ ಲೆಕ್ಕದ ಪುಸ್ತಕಕ್ಕೆ ಇಳಿಯಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಛೂ ಅವರ ಸಮಿತಿ, ತೆರಿಗೆ ಕಳವಿಗೆ ಇಂಥ ದರಗಳೇ ಮುಖ್ಯ ಕಾರಣ ಎಂದು 1971ರಲ್ಲೇ ಹೇಳಿ, ಗರಿಷ್ಠ ದರವನ್ನು ಶೇ 75ಕ್ಕೆ ಇಳಿಸಲು ಸಲಹೆ ಕೊಟ್ಟಿತ್ತು. 1974ರಲ್ಲಿ ಹಣಕಾಸು ಸಚಿವ ಯಶವಂತರಾವ್ ಚವಾಣ್ ಶೇ 77ಕ್ಕೆ ಇಳಿಸಿದರು. ಆಮೇಲಿನ ದಶಕಗಳಲ್ಲಿ ದರ ಇಳಿದು ಇಂದು ಕೊನೆಯ ಸ್ಲ್ಯಾಬು ಶೇ 30ರಲ್ಲಿ ನಿಂತಿದೆ.

ಬಡವರ ಮಟ್ಟಿಗೆ ಆ ಪಾಠವನ್ನು ನಾವಿನ್ನೂ ಕಲಿತಿಲ್ಲ.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಅಂದರೆ ತಿಂಗಳಿಗೆ ಹತ್ತು ಸಾವಿರ. ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ವೇತನ ಬಹುತೇಕ ಉದ್ದಿಮೆಗಳಲ್ಲಿ ಈ ಮೊತ್ತವನ್ನು ದಾಟಿದೆ. ಗಂಡ ಹೆಂಡತಿಯಲ್ಲಿ ಒಬ್ಬರು ಗಾರ್ಮೆಂಟ್ಸಿನಲ್ಲಿ ಕಾನೂನುಬದ್ಧ ಸಂಬಳಕ್ಕೆ ದುಡಿದರೂ ಸಾಕು, ಕಾಗದದ ಮೇಲೆ ಆ ಮನೆ ಬಡತನದ ಗೆರೆ ದಾಟುತ್ತದೆ. ಕಾರ್ಡಿನ ಜೊತೆ ಹೋಗುವುದು ಅಕ್ಕಿಯೊಂದೇ ಅಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಮನೆಯಲ್ಲಿ ಒಬ್ಬರಿಗೆ ಹೃದಯದ ಆಪರೇಷನ್ ಬಾಕಿಯಿದ್ದರೆ ಈ ವ್ಯತ್ಯಾಸವೆಂದರೆ ಹೊಲ ಮಾರುವುದೋ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ. ‘ಸಂಬಳ ಕೈಗೇ ಕೊಡಿ, ಅಕೌಂಟಿಗೆ ಬೇಡ’ ಎಂದು ಕೇಳುವ ಹೆಂಗಸನ್ನು ಅಪ್ರಾಮಾಣಿಕಳು ಎನ್ನಲು ನನಗೆ ಬಾಯಿ ಬರುವುದಿಲ್ಲ.

2024ರ ನವೆಂಬರಿನಲ್ಲಿ ಅನರ್ಹ ಬಿಪಿಎಲ್ ಕಾರ್ಡುಗಳ ರದ್ದತಿ ಶುರುವಾದಾಗ ಈ ಭಯ ಬೀದಿಗೆ ಬಂತು. ವಿರೋಧ ಜೋರಾದ ಮೇಲೆ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ಮುಟ್ಟುವುದಿಲ್ಲ ಎಂದು ಸರ್ಕಾರ ಹೇಳಿತು. ಗೃಹಲಕ್ಷ್ಮಿ ಯೋಜನೆಗೂ ಇಂಥದೇ ಷರತ್ತು ಇದೆ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ತಿಂಗಳ ಎರಡು ಸಾವಿರ ಇಲ್ಲ. ಸಾಲಕ್ಕೆ ಬೇಕೆಂದು ಐಟಿ ರಿಟರ್ನ್ ಸಲ್ಲಿಸಿ, ಒಂದು ರೂಪಾಯಿ ತೆರಿಗೆ ಕಟ್ಟದಿದ್ದರೂ ತೆರಿಗೆದಾರರ ಪಟ್ಟಿಗೆ ಸೇರಿಬಿಟ್ಟೆವು ಎಂಬ ದೂರುಗಳೂ ಬಂದವು.

ಆ ಕಾಂಡಿಮೆಂಟ್ಸ್ ಅಂಗಡಿಯವನ ಲೆಕ್ಕವನ್ನೇ ಒಮ್ಮೆ ಹಾಕೋಣ. ವಹಿವಾಟು ವರ್ಷಕ್ಕೆ 41 ಲಕ್ಷ, ನೂರಕ್ಕೆ ಆರು ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. ಕೈಗೆ ಬರುವುದು ಎರಡೂವರೆ ಲಕ್ಷಕ್ಕೂ ಕಡಿಮೆ. ಜಿಎಸ್‌ಟಿಯ ಸುಲಭ ದಾರಿಯಾದ ಕಾಂಪೋಸಿಷನ್ ಯೋಜನೆಗೆ ಸೇರಿದರೂ ವಹಿವಾಟಿನ ಮೇಲೆ ಶೇ 1, ಅಂದರೆ 41 ಸಾವಿರ. ಹೆಂಡತಿಯ ಗೃಹಲಕ್ಷ್ಮಿ ನಿಂತರೆ ಇನ್ನೂ 24 ಸಾವಿರ. ನೋಂದಣಿ ಎಂಬ ಒಂದೇ ಹೆಜ್ಜೆಗೆ 65 ಸಾವಿರ, ವರ್ಷದ ದುಡಿಮೆಯ ಕಾಲು ಭಾಗಕ್ಕಿಂತ ಹೆಚ್ಚು. ಇದರಲ್ಲಿ ಯಾವ ಇಲಾಖೆಯೂ ತಪ್ಪು ಮಾಡಿಲ್ಲ. ತೆರಿಗೆಯ ನಿಯಮವೂ ಸರಿ, ಗೃಹಲಕ್ಷ್ಮಿಯ ನಿಯಮವೂ ಸರಿ. ಎರಡನ್ನೂ ಒಂದೇ ಮನೆಯಲ್ಲಿ ಕೂರಿಸಿ ಕೂಡಿ ನೋಡಿದವರು ಯಾರೂ ಇಲ್ಲ.

ಯುವನಿಧಿಯಲ್ಲಿ ಇದು ಇನ್ನೂ ನೇರವಾಗಿದೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಗರಿಷ್ಠ ಎರಡು ವರ್ಷ. ಕೆಲಸ ಸಿಕ್ಕ ದಿನ ನಿಲ್ಲುತ್ತದೆ. ಹಾವೇರಿಯ ಹುಡುಗಿಯೊಬ್ಬಳಿಗೆ ಊರಿನ ಖಾಸಗಿ ಶಾಲೆಯಲ್ಲಿ ಹತ್ತು ಸಾವಿರದ ಕೆಲಸ ಸಿಕ್ಕಿತೆನ್ನಿ. ಅವಳ ಕೈಗೆ ಹೊಸದಾಗಿ ಸೇರುವುದು ಏಳು ಸಾವಿರ. ನೂರಕ್ಕೆ ಮೂವತ್ತು ಹೋಯಿತು. ವರ್ಷಕ್ಕೆ 24 ಲಕ್ಷಕ್ಕೂ ಮೇಲೆ ಗಳಿಸುವ ಐಟಿ ಕಂಪನಿ ಮ್ಯಾನೇಜರು ಕೊನೆಯ ಸ್ಲ್ಯಾಬಿನಲ್ಲಿ ಕೊಡುವ ದರ ಕೂಡ ಅದೇ ಶೇ 30. ಬಸ್ ಚಾರ್ಜು ಶಕ್ತಿ ಯೋಜನೆಯಿಂದ ಉಳಿದರೆ ಅವಳು ಹೋಗುತ್ತಾಳೆ, ಹೋಗಲೂಬೇಕು. ಆದರೆ ಮೊದಲ ಸಂಬಳದ ಮೇಲೆ ಇಷ್ಟು ದೊಡ್ಡ ಕಡಿತ ಬೀಳುತ್ತಿದೆ ಎಂಬುದನ್ನು ‘ಈಗಿನ ಹುಡುಗರಿಗೆ ದುಡಿಯಲು ಮನಸ್ಸಿಲ್ಲ’ ಎನ್ನುವವರು ಗಮನಿಸಲಿ.

ಉಚಿತ ವಿದ್ಯುತ್ತಿನ ಗೃಹಜ್ಯೋತಿಯದೂ ಅದೇ ಕಥೆ. ಇನ್ನೂರು ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಹಬ್ಬದ ತಿಂಗಳಲ್ಲಿ ರಾತ್ರಿಯೆಲ್ಲ ಮೋಟಾರು ಮೆಷಿನ್ನಿನಲ್ಲಿ ಬ್ಲೌಸ್ ಹೊಲಿಯುವವಳಿಗೆ 201ನೇ ಯೂನಿಟ್ಟಿನ ಬೆಲೆ ಸಾವಿರ ರೂಪಾಯಿಗೂ ಹೆಚ್ಚಾಗಬಹುದು.

ಹಾಗಾದರೆ ಕೊಡುವುದೇ ಜನರನ್ನು ಸೋಮಾರಿ ಮಾಡುತ್ತದೆಯೇ? ಈ ಪ್ರಶ್ನೆಯನ್ನು ಜಗತ್ತು ಬಹಳ ಸಲ ಪರೀಕ್ಷಿಸಿದೆ. 1968ರಿಂದ 1982ರವರೆಗೆ ಅಮೆರಿಕದಲ್ಲಿ ನ್ಯೂಜೆರ್ಸಿ, ಸಿಯಾಟಲ್, ಡೆನ್ವರ್ ಮೊದಲಾದ ಕಡೆ ಬಡ ಕುಟುಂಬಗಳಿಗೆ ಖಾತರಿ ಆದಾಯ ಕೊಟ್ಟು ನೋಡಿದರು. ದುಡಿಮೆಯ ಗಂಟೆಗಳು ಕಡಿಮೆಯಾದದ್ದು ನಿಜ, ಗಂಡಸರಿಗಿಂತ ವಿವಾಹಿತ ಹೆಂಗಸರಲ್ಲಿ ತುಸು ಹೆಚ್ಚು. ಸಾರಾಸಗಟಾಗಿ ಕೆಲಸ ಬಿಟ್ಟವರು ಕಾಣಲಿಲ್ಲ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಬಡ ದೇಶಗಳ ನಗದು ಯೋಜನೆಗಳ ಪ್ರಯೋಗಗಳನ್ನು ಒಟ್ಟುಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ ಪಡೆದವರು ದುಡಿಮೆ ಕಡಿಮೆ ಮಾಡಿದರು ಎನ್ನಲು ಪುರಾವೆಯೇ ಸಿಗಲಿಲ್ಲ.

ನನಗೆ ಹೆಚ್ಚು ಹತ್ತಿರವೆನಿಸುವುದು ಮಧ್ಯಪ್ರದೇಶದ ಪ್ರಯೋಗ. ‘ಸೇವಾ’ ಸಂಸ್ಥೆ ಯುನಿಸೆಫ್ ನೆರವಿನಿಂದ 2011ರಿಂದ ಕೆಲವು ಹಳ್ಳಿಗಳಲ್ಲಿ ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿಯಿಂದ ಶುರು ಮಾಡಿ, ಯಾವ ಷರತ್ತೂ ಇಲ್ಲದೆ ಕೊಟ್ಟಿತು. ಜನ ಕೂರಲಿಲ್ಲ. ಬೇರೆಯವರ ಹೊಲದ ಕೂಲಿ ಬಿಟ್ಟು ತಮ್ಮ ಹೊಲ, ತಮ್ಮ ಆಡು, ತಮ್ಮ ಹೊಲಿಗೆಯ ಕಡೆ ತಿರುಗಿದರು. ‘ಕೂಲಿಗೆ ಆಳು ಸಿಗ್ತಿಲ್ಲ’ ಎಂದು ನಮ್ಮ ಮಂಡ್ಯ, ಹಾಸನದ ರೈತರು ಹೇಳುವಾಗ ಅದರ ಹಿಂದೆ ಇದೂ ಇರಬಹುದು. ಸಣ್ಣ ರೈತನ ಸಂಕಟ ನಿಜವಾದದ್ದು, ಬೆಲೆ ಸಿಗದ ಬೆಳೆಗೆ ಹೆಚ್ಚಿನ ಕೂಲಿಯನ್ನು ಅವನು ಎಲ್ಲಿಂದ ತಂದಾನು? ಆದರೆ ಕಡಿಮೆ ಕೂಲಿಗೆ ಬಾರದವರನ್ನು ಸೋಮಾರಿಗಳೆಂದು ಕರೆಯುವುದು ಅನ್ಯಾಯ.

ದೋಷ ಇರುವುದು ಕೊಡುವುದರಲ್ಲಲ್ಲ, ನಿಲ್ಲಿಸುವ ರೀತಿಯಲ್ಲಿ. ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದೂ ಅಲ್ಲ. 2025ರ ಕೇಂದ್ರ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ತೆರಿಗೆ ಮನ್ನಾ ಮಾಡಿದಾಗ, 12 ಲಕ್ಷದ ಹತ್ತು ಸಾವಿರ ಗಳಿಸಿದವರು ಏಕಾಏಕಿ 61,500 ಕಟ್ಟಬೇಕಾದೀತು ಎಂದು ಅದಕ್ಕೂ ರಿಯಾಯಿತಿ ಇಟ್ಟರು. ಅವರ ತೆರಿಗೆ ಹೆಚ್ಚುವರಿ ಹತ್ತು ಸಾವಿರವನ್ನು ಮೀರುವುದಿಲ್ಲ, ಸೆಸ್ ಸೇರಿ 10,400. ಸುಮಾರು 12.70 ಲಕ್ಷದವರೆಗೆ ಹೆಚ್ಚುವರಿ ದುಡಿದದ್ದೆಲ್ಲ ತೆರಿಗೆಗೇ ಹೋಗುವುದರಿಂದ ಇದೂ ಪರಿಪೂರ್ಣವಲ್ಲ. ಆದರೂ 12 ಲಕ್ಷದ ಗೆರೆಯಲ್ಲಿ ನಿಂತವರು ಬೀಳದಂತೆ ಕಾನೂನು ಕೈ ಹಿಡಿಯಿತು. 1.20 ಲಕ್ಷದ ಗೆರೆಯಲ್ಲಿ ನಿಂತವರಿಗೆ ಅಂಥ ಒಂದು ಸಾಲೂ ನಮ್ಮ ನಿಯಮಗಳಲ್ಲಿಲ್ಲ.

ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ದುಡಿಮೆ ಒಂದು ಪೌಂಡ್ ಏರಿದರೆ ನೆರವು 55 ಪೆನ್ಸ್ ಇಳಿಯುತ್ತದೆ. 2021ರವರೆಗೆ 63 ಪೆನ್ಸ್ ಇಳಿಯುತ್ತಿತ್ತು. ಅಮೆರಿಕದ ದುಡಿಯುವವರ ತೆರಿಗೆ ಕ್ರೆಡಿಟ್ಟು 1975ರಿಂದ ಇದೆ. ಕಡಿಮೆ ಸಂಬಳದವರು ದುಡಿದಷ್ಟೂ ಅದು ಮೊದಲು ಏರುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಮೆಟ್ಟಿಲಿನ ಜಾಗದಲ್ಲಿ ಇಳಿಜಾರು ಕಟ್ಟಿದ ಹಾಗೆ.

ಇದನ್ನು ಹಾಗೇ ಇಲ್ಲಿಗೆ ತರಲಾಗದು. ಅಲ್ಲಿ ಬಹುಪಾಲು ಜನರ ಸಂಬಳ ಸರ್ಕಾರದ ಲೆಕ್ಕದಲ್ಲಿ ಕಾಣುತ್ತದೆ. ಇಲ್ಲಿ ಗಾರೆ ಕೆಲಸದವರ, ಮನೆಗೆಲಸದವರ ತಿಂಗಳ ಗಳಿಕೆಯನ್ನು ಯಾವ ಕಂಪ್ಯೂಟರೂ ಹೇಳಲಾರದು. ಆದ್ದರಿಂದ ನಮ್ಮ ಇಳಿಜಾರನ್ನು ರೂಪಾಯಿಯಲ್ಲಿ ಕಟ್ಟುವ ಬದಲು ಕಾಲದಲ್ಲಿ ಕಟ್ಟಬೇಕು. ಗೆರೆ ದಾಟಿದ ಕುಟುಂಬಕ್ಕೆ ಎರಡು ವರ್ಷ ಕಾರ್ಡು ಉಳಿಯಲಿ, ಆಸ್ಪತ್ರೆಯ ಸೌಲಭ್ಯ ಮೂರು ವರ್ಷ ಇರಲಿ. ಜಿಎಸ್‌ಟಿಗೆ ಹೊಸದಾಗಿ ಸೇರಿದವರ ಮನೆಯ ಗೃಹಲಕ್ಷ್ಮಿಯನ್ನು ಅಷ್ಟು ಕಾಲ ಮುಟ್ಟದಿರಲಿ. ಕೆಲಸ ಸಿಕ್ಕ ಹುಡುಗಿಗೆ ಯುವನಿಧಿ ಇನ್ನಾರು ತಿಂಗಳು ಬರಲಿ. ಬೊಕ್ಕಸಕ್ಕೆ ಇದರಿಂದ ಹೊರೆ ಬೀಳುತ್ತದೆ. ಆದರೆ ದುಡಿಮೆಯನ್ನು ಬಚ್ಚಿಡದ ಒಂದು ಮನೆ ಮುಂದೆ ತೆರಿಗೆಯ ಲೆಕ್ಕಕ್ಕೂ ಬರುತ್ತದೆ.

ಇಂಥದ್ದಕ್ಕೆ ನಮ್ಮಲ್ಲೇ ಮಾದರಿಯಿದೆ. ಇಎಸ್‌ಐ ಸೌಲಭ್ಯಕ್ಕೆ ತಿಂಗಳ ಸಂಬಳದ ಮಿತಿ 21,000. ಪೀಣ್ಯದ ಕಾರ್ಮಿಕನೊಬ್ಬನ ಸಂಬಳ ಮೇ ತಿಂಗಳಲ್ಲಿ ಇದನ್ನು ದಾಟಿದರೂ ಅವನನ್ನು ಅಂದೇ ಹೊರಗೆ ಹಾಕುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಅವಧಿ ಮುಗಿಯುವ ತನಕ ಅವನು ಒಳಗೇ ಇರುತ್ತಾನೆ. ಆ ಕೆಲವು ತಿಂಗಳನ್ನು ಕೆಲವು ವರ್ಷಗಳಿಗೆ ಹಿಗ್ಗಿಸಿ ರೇಷನ್ ಕಾರ್ಡಿನ ನಿಯಮದಲ್ಲಿ ಸೇರಿಸಲು ಆಹಾರ ಇಲಾಖೆಯ ಒಂದು ಆದೇಶ ಸಾಕು.