ಕೀಬೋರ್ಡಿಗೂ ಒಂದು ತಿದಿ

ತುಬಚಿ ಎಂದರೆ ಬಹಳಷ್ಟು ಜನರಿಗೆ ನೆನಪಾಗುವುದು ಬಬಲೇಶ್ವರದ ಕಡೆಗೆ ಕೃಷ್ಣೆಯ ನೀರೆತ್ತುವ ಏತ ನೀರಾವರಿ. ನನಗೀಗ ಅಲ್ಲಿಯ ಭಜನೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಯುವಕನ ಬಲಗಾಲು ನೆನಪಾಗುತ್ತದೆ. ಎಲ್ಲರೂ ಅವನ ಬೆರಳು ನೋಡುತ್ತಿದ್ದರು. ಕೆಳಗೆ, ಕಾಲಡಿಯ ಪೆಡಲ್ ಒಂದೇ ಸಮ ಆಡುತ್ತಿತ್ತು. ತತ್ವಪದದ ಸಾಲು ಏರುವಾಗ ಪಾದದ ತುದಿ ಮುಂದಕ್ಕೆ ಬಾಗುವುದು, ಹಾಡುವವರು ಉಸಿರು ತಗೊಳ್ಳುವ ಕಡೆ ಭಾರ ಹಿಮ್ಮಡಿಗೆ ಮರಳುವುದು. ಅಷ್ಟರಿಂದಲೇ ಆ ಯಂತ್ರದ ಹಾರ್ಮೋನಿಯಂ ದನಿಗೆ ಜೀವ ಬಂದಿತ್ತು.

ಭಜನೆ ಮುಗಿದ ಮೇಲೆ ವಿಚಾರಿಸಿದೆ. “ನಮ್ಮಜ್ಜ ಪೇಟಿ ಮಾಸ್ತರ ಇದ್ರರಿ. ಅವರ ಎಡಗೈ ಕೆಲಸ ನಾ ಕಾಲಿಲೆ ಮಾಡ್ತೀನ್ರಿ. ಪೆಡಲ್ ಹನ್ನೊಂದನೇ ನಂಬರಿಗೆ ಹಚ್ಚೇನಿ” ಎಂದ. ಪೇಟಿ ಎಂದರೆ ಹಾರ್ಮೋನಿಯಂ, ಎಡಗೈ ಕೆಲಸ ಎಂದರೆ ಅದರ ತಿದಿ ಒತ್ತುವುದು.

ಆ ಹನ್ನೊಂದು, ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಮಾತಾಡುವ ‘ಮಿಡಿ’ ಭಾಷೆಯ ಕಂಟ್ರೋಲರ್ ಸಂದೇಶಗಳಲ್ಲಿ ಒಂದು. ಮಿಡಿ ಹುಟ್ಟಿದ ಕಥೆ ರಸಮಂಜರಿ ತಂಡದವರಿಗೆ ಹೊಸದಲ್ಲ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಕೇಬಲ್ ಮೂಲಕ ಒಂದಕ್ಕೊಂದು ಮಾತಾಡಿದವು. ಅದಕ್ಕೆ ಕಾರಣರಾದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು. ಆ ಕೇಬಲ್‌ನಲ್ಲಿ ಹರಿಯುವುದು ಸೂಚನೆಗಳು ಮಾತ್ರ. ದನಿ ಹೊರಡಿಸುವುದು ಆ ತುದಿಯ ವಾದ್ಯದ ಕೆಲಸ. ಕಂಟ್ರೋಲರ್ ಸಂದೇಶವೆಂದರೆ ಮೂರು ಬೈಟ್: ಯಾವ ಚಾನೆಲ್, ಯಾವ ನಂಬರು, ಎಷ್ಟು. ‘ಎಷ್ಟು’ ಎಂಬುದು 0ಯಿಂದ 127ರವರೆಗೆ. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಮೂರೂ ಬೈಟ್ ದಾಟಲು ಒಂದು ಮಿಲಿಸೆಕೆಂಡ್ ಕೂಡ ಬೇಡ. ನಂಬರುಗಳಲ್ಲಿ 1 ಮಾಡ್ಯುಲೇಶನ್, 10 ದನಿಯ ಎಡಬಲ, 64 ಸಸ್ಟೇನ್ ಪೆಡಲ್.

7 ವಾಲ್ಯೂಮ್, 11 ಎಕ್ಸ್‌ಪ್ರೆಶನ್. ಎರಡೂ ದನಿಯನ್ನು ಏರಿಳಿಸುತ್ತವೆ. ಹಾಗಾದರೆ ಎರಡೇಕೆ? ತಬಲಾ, ತಾಳ, ಗಾಯಕರ ನಡುವೆ ಈ ವಾದ್ಯ ಎಷ್ಟು ಕೇಳಬೇಕು ಎಂದು ಕಾರ್ಯಕ್ರಮಕ್ಕೆ ಮೊದಲೇ ಗೊತ್ತುಮಾಡುವುದು 7. ಆ ಮಿತಿಯೊಳಗೆ ಸಾಲುಸಾಲಿಗೂ ಉಬ್ಬಿ ಇಳಿಯುವುದು 11. ಪೆಡಲನ್ನು 7ಕ್ಕೆ ಹಚ್ಚಿ ನುಡಿಸಿದರೆ ಮೊದಲ ಹಾಡಿಗೇ ಹೊಂದಾಣಿಕೆ ಕೆಡುತ್ತದೆ. 11ಕ್ಕೆ ಹಚ್ಚಿದರೆ ಎಷ್ಟೇ ಒತ್ತಿದರೂ 7 ಹಾಕಿದ ಗೆರೆ ದಾಟುವುದಿಲ್ಲ. ರೂಢಿಯ ಸೂತ್ರದಂತೆ 11ನ್ನು 127ರಿಂದ 64ಕ್ಕೆ ತಂದರೆ ಸುಮಾರು 12 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ಪಾದ ಚೂರು ಸರಿದರೂ ಕಿವಿಗೆ ಗೊತ್ತಾಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಸಂಗತಿ, ಆ ಯುವಕ ಟಚ್ ಸೌಲಭ್ಯವನ್ನೇ ಬಂದ್ ಮಾಡಿದ್ದು. ಕೀಬೋರ್ಡಿನಲ್ಲಿ ಕೀಲಿ ಜೋರಾಗಿ ಒತ್ತಿದರೆ ದನಿ ಜೋರು. ಅದು ಪಿಯಾನೊದ ಧರ್ಮ. ಪೇಟಿಯ ಧರ್ಮ ಬೇರೆ: ಮಣೆಯನ್ನು ಗುದ್ದಿದರೂ, ಮುಟ್ಟಿದರೂ ದನಿ ಅಷ್ಟೇ. ಏರಿಳಿತವೆಲ್ಲ ತಿದಿಯ ಗಾಳಿಯದು. ಬೆರಳಿನಿಂದ ಆ ಅಧಿಕಾರ ಕಿತ್ತು ಪೂರ್ತಿ 11ಕ್ಕೆ ಕೊಟ್ಟಾಗ ಮಾತ್ರ ಹಾರ್ಮೋನಿಯಂ ದನಿ ನಂಬಿಕೆಗೆ ಬರುತ್ತದೆ. ಇಷ್ಟು ಸಣ್ಣ ತಿದ್ದುಪಡಿ ಮಾಡದೆ, ದುಬಾರಿ ಕೀಬೋರ್ಡ್ ಕೊಂಡರೂ ‘ಪೇಟಿಯಂಗ ಕೇಳೂದಿಲ್ಲ’ ಎನ್ನುವವರು ಎಷ್ಟು ಮಂದಿ!

ಕಾಲಿನಿಂದ ಉಸಿರು ಕೊಡುವುದು ಈ ಸೀಮೆಗೆ ಹೊಸತೂ ಅಲ್ಲ. ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂನಲ್ಲಿ ಮಾಸ್ತರರು ಕಾಲಿನಿಂದಲೇ ತಿದಿ ಒತ್ತಿ ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ಹತ್ತಿರದ ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ಬಿಜಾಪುರೆ ಅವರ ಪೇಟಿ ಕೇಳಿದವರಿಗೆ ತಿದಿಯ ಮಹಿಮೆ ಹೇಳಬೇಕಾಗಿಲ್ಲ.

ಪೇಟಿಗೆ ಇದ್ದ ಕೊರತೆ ಮೀಂಡ್. ಸ್ವರದಿಂದ ಸ್ವರಕ್ಕೆ ಜಾರಲಾರದು ಎಂಬ ಆಕ್ಷೇಪವೂ ಸೇರಿ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗಿಟ್ಟಿತ್ತು. ಕೀಬೋರ್ಡಿನ ಪಿಚ್ ಬೆಂಡ್ ಚಕ್ರ ಆ ಕೊರತೆ ತುಂಬುತ್ತದೆ. ಅದು ಪ್ರತ್ಯೇಕ ಸಂದೇಶ. 128ರ ಬದಲು 16,384 ಮೆಟ್ಟಿಲು. ಆದರೆ ಚಕ್ರ ತಿರುಗಿಸಿದರೆ ಆ ಚಾನೆಲಿನ ಎಲ್ಲ ಸ್ವರಗಳೂ ಒಟ್ಟಿಗೆ ಜಾರುತ್ತವೆ, ಒತ್ತಿ ಹಿಡಿದ ಷಡ್ಜವೂ! ಶ್ರುತಿಯನ್ನು ಬೇರೆ ಚಾನೆಲಿಗೆ ಹಾಕಿಕೊಳ್ಳದೆ ಚಕ್ರ ಮುಟ್ಟಬಾರದು. ಸಾಲುಸಾಲಿಗೂ ಅದನ್ನು ತಿರುಗಿಸುವ ಈಗಿನ ಚಟವಂತೂ ನನಗೆ ಹಿಡಿಸದು. ಪೇಟಿ ಪೇಟಿಯಾಗಿಯೇ ಚಂದ.

ರೆಕಾರ್ಡಿಂಗ್‌ನಲ್ಲಿ ಈ 11ರ ಏರಿಳಿತ ಕಂಪ್ಯೂಟರ್ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಸ್ಟುಡಿಯೊಗಳಲ್ಲಿ ಆ ಗೆರೆಯನ್ನು ಆಮೇಲೆ ಮೌಸ್‌ನಿಂದ ಎಳೆಯುವವರೇ ಹೆಚ್ಚು. ನುಡಿಸುತ್ತಲೇ ಮೂಡಿದ ಗೆರೆಗೆ ಅದು ಸಮವಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ, ಭಜನೆಗೆ ಪೇಟಿ ನುಡಿಸಿ ನುರಿತ ಹಿರಿಯರು ಮುಧೋಳ, ಜಮಖಂಡಿ, ಬನಹಟ್ಟಿ ಕಡೆ ಇನ್ನೂ ಇದ್ದಾರೆ. ಅವರನ್ನು ಕರೆದು ಪೆಡಲ್ ಕೊಟ್ಟು, ಎಲ್ಲಿ ಗಾಳಿ ಕೂಡಿಡುತ್ತಾರೆ, ಎಲ್ಲಿ ಬಿಡುತ್ತಾರೆ ಎಂಬುದನ್ನು ದಾಖಲಿಸಿಕೊಳ್ಳಬೇಕು. ಕಲಿಯುವ ಹುಡುಗರು ಸ್ವರದ ಜೊತೆಗೆ ತಿದಿಯನ್ನೂ ಕಣ್ಣಾರೆ ನೋಡಿ ಕಲಿಯಬಹುದು. ಬೇಕಾಗುವುದು ಒಂದು ಪೆಡಲ್, ಒಂದು ಕೇಬಲ್, ಹಿರಿಯರ ಒಂದು ಸಂಜೆ. ಭಜನಾ ಮಂಡಳಿಗಳು ಈ ಕೆಲಸವನ್ನು ಈ ವರ್ಷವೇ ಶುರುಮಾಡಲಿ.