ಕಸದೊಳಗಿನ ಅಯಸ್ಕಾಂತ

ಒಡೆದ ಹಿತ್ತಾಳೆಯ ಪಾತ್ರೆಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ; ಕರಗಿಸಿದರೆ ಅದು ಮತ್ತೆ ಹೊಸ ಪಾತ್ರೆಯಾಗುತ್ತದೆ. ಆದರೆ ಕೆಟ್ಟುಹೋದ ಗಣಕಯಂತ್ರ, ದೂರವಾಣಿ ಮೊದಲಾದ ವಿದ್ಯುನ್ಮಾನ ಸಾಧನಗಳ ವಿಷಯ ಅಷ್ಟು ಸುಲಭವಲ್ಲ. ಅವುಗಳಲ್ಲಿ ಹತ್ತಾರು ಬಗೆಯ ಲೋಹಗಳೂ ಪ್ಲಾಸ್ಟಿಕ್ಕೂ ಗಾಜೂ ಒಂದರೊಡನೊಂದು ಬೆರೆತಿರುತ್ತವೆ. 2022ರಲ್ಲಿ ಪ್ರಪಂಚದಲ್ಲಿ ಇಂತಹ ತ್ಯಾಜ್ಯ ಸುಮಾರು 6 ಕೋಟಿ 20 ಲಕ್ಷ ಟನ್ನುಗಳಷ್ಟು ಉತ್ಪತ್ತಿಯಾಯಿತೆಂದು ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಅದರಲ್ಲಿ ಕ್ರಮಬದ್ಧವಾಗಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವುದು ಕಾಲುಭಾಗಕ್ಕಿಂತಲೂ ಕಡಮೆ. ಉಳಿದುದರಲ್ಲಿ ಬಹುಪಾಲು ಗುಂಡಿಗಳನ್ನು ತುಂಬುತ್ತದೆ. ಇಲ್ಲವೆ ತಂತಿಗಳನ್ನು ಸುಟ್ಟು, ಆಮ್ಲದಲ್ಲಿ ಅದ್ದಿ, ಲೋಹ ತೆಗೆಯುವ ಬಡ ಕೆಲಸಗಾರರ ಆರೋಗ್ಯವನ್ನು ಕೆಡಿಸುತ್ತದೆ.

ಚಿನ್ನ ಮತ್ತು ತಾಮ್ರಗಳಿಗೆ ಒಳ್ಳೆಯ ಬೆಲೆಯಿರುವುದರಿಂದ ಅವನ್ನು ಹುಡುಕುವವರಿದ್ದಾರೆ. ಆದರೆ ವಿರಳ ಭಸ್ಮ ಲೋಹಗಳೆಂಬ ಗುಂಪಿಗೆ ಆ ಭಾಗ್ಯವಿಲ್ಲ. ಈ ಲೋಹಗಳ ಬೇಡಿಕೆಯಲ್ಲಿ ತ್ಯಾಜ್ಯದ ಮರುಬಳಕೆಯಿಂದ ಪೂರೈಕೆಯಾಗುವುದು ನೂರಕ್ಕೆ ಒಂದರಷ್ಟು ಮಾತ್ರ. ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿರುವ ಪುಟ್ಟ ಅಯಸ್ಕಾಂತವು ಇದಕ್ಕೆ ಒಳ್ಳೆಯ ನಿದರ್ಶನ. ನಿಯೋಡಿಮಿಯಂ, ಕಬ್ಬಿಣ ಮತ್ತು ಬೋರಾನುಗಳ ಮಿಶ್ರಲೋಹವಾದ ಇದರ ತೂಕದಲ್ಲಿ ನೂರಕ್ಕೆ ಸುಮಾರು 30 ಭಾಗ ವಿರಳ ಭಸ್ಮ ಲೋಹಗಳೇ ಆಗಿರುತ್ತವೆ. ಹಾರ್ಡ್ ಡಿಸ್ಕನ್ನು ಯಂತ್ರದಲ್ಲಿ ಪುಡಿಮಾಡಿದರೆ ಅಯಸ್ಕಾಂತದ ಚೂರುಗಳು ಸುತ್ತಲಿನ ಕಬ್ಬಿಣಕ್ಕೆ ಅಂಟಿಕೊಂಡು ಅದರೊಡನೆಯೇ ಕುಲುಮೆಗೆ ಹೋಗಿಬಿಡುತ್ತವೆ.

ಹಾಗಾದರೆ ಅವನ್ನು ಬೇರ್ಪಡಿಸುವುದು ಹೇಗೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದಕ್ಕೆ ಜಲಜನಕದ ನೆರವನ್ನು ಪಡೆದರು. ಜಲಜನಕವು ಉಕ್ಕಿನೊಳಕ್ಕೆ ಸೇರಿದರೆ ಉಕ್ಕು ಪೆಡಸಾಗಿ ಬಿರುಕು ಬಿಡುವುದನ್ನು ಎಂಜಿನಿಯರುಗಳು ದೋಷವೆಂದೇ ಎಣಿಸುತ್ತಾರೆ. ಪ್ರಾಧ್ಯಾಪಕ ರೆಕ್ಸ್ ಹ್ಯಾರಿಸ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಇಂತಹುದೇ ಗುಣವನ್ನು ಅಯಸ್ಕಾಂತದ ತಯಾರಿಕೆಗೆ ಬಳಸಿಕೊಂಡರು. ನಿಯೋಡಿಮಿಯಂ ಮಿಶ್ರಲೋಹವು ಜಲಜನಕವನ್ನು ಹೀರಿಕೊಂಡು ಹಿಗ್ಗುತ್ತದೆ. ಆ ಒತ್ತಡಕ್ಕೆ ತಾನಾಗಿಯೇ ಪುಡಿಯಾಗುತ್ತದೆ. ಮುಂದೆ ಇದೇ ಕ್ರಮವನ್ನು ಹಳೆಯ ಅಯಸ್ಕಾಂತಗಳಿಗೂ ಅನ್ವಯಿಸಲಾಯಿತು. ಹೀಗಾದ ಪುಡಿಯು ಕಾಂತಶಕ್ತಿಯನ್ನು ಕಳೆದುಕೊಂಡಿರುವುದರಿಂದ ಕಬ್ಬಿಣಕ್ಕೆ ಅಂಟುವುದಿಲ್ಲ. ಮೇಲಿನ ನಿಕ್ಕಲ್ ಲೇಪನ ಹಕ್ಕಳೆಯಾಗಿ ಕಳಚುತ್ತದೆ. ಜರಡಿಯಾಡಿ ಶುದ್ಧಿಮಾಡಿದ ಪುಡಿಯನ್ನು ಒತ್ತಿ, ಕಾಯಿಸಿ, ಪುನಃ ಅಯಸ್ಕಾಂತವನ್ನು ಮಾಡಬಹುದು.

ಆದರೆ ಪ್ರಯೋಗಶಾಲೆಯ ಜಯವೊಂದೇ ಸಾಲದು. ವಿದ್ವಾಂಸರಲ್ಲಿ ವಿಧಾನವಿದ್ದರೂ ಟನ್ನುಗಟ್ಟಲೆ ಹಳೆಯ ಡಿಸ್ಕುಗಳಿರಲಿಲ್ಲ. ಉದ್ಯಮಿಗಳಲ್ಲಿ ಡಿಸ್ಕುಗಳಿದ್ದರೂ ವಿಧಾನವಿರಲಿಲ್ಲ. ಈ ಕಂದಕವನ್ನು ಮುಚ್ಚಲು 2018ರಲ್ಲಿ ಹ್ಯಾರಿಸ್ ಮತ್ತು ಅವರ ಸಹೋದ್ಯೋಗಿಗಳು ಹೈಪ್ರೋಮ್ಯಾಗ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬೆಂಟ್ಲಿ ಎಂಬ ಮೋಟಾರು ಸಂಸ್ಥೆಯ ನೇತೃತ್ವದ ಯೋಜನೆಯೊಂದರಲ್ಲಿ ಡಿಸ್ಕುಗಳಿಂದ ಅಯಸ್ಕಾಂತವಿರುವ ಭಾಗವನ್ನು ತೆಗೆಯುವವರು, ಪುಡಿಮಾಡುವವರು, ಮೋಟಾರು ಕಟ್ಟುವವರು, ವಿಶ್ವವಿದ್ಯಾನಿಲಯದವರು ಎಲ್ಲರೂ ಒಂದೇ ಸರಪಳಿಯ ಕೊಂಡಿಗಳಂತೆ ಸೇರಿದರು.

ಇಷ್ಟಾದರೂ ತೊಡಕುಗಳು ತೀರಿಲ್ಲ. ಅನೇಕ ಸಾಧನಗಳಲ್ಲಿ ಅಯಸ್ಕಾಂತವನ್ನು ಅಂಟಿನಿಂದ ಭದ್ರಪಡಿಸಿರುವುದರಿಂದ ಅದನ್ನು ಹೊರತೆಗೆಯುವುದು ಕಷ್ಟ. ಆದುದರಿಂದ ವಸ್ತುವನ್ನು ನಿರ್ಮಿಸುವಾಗಲೇ ಬಿಚ್ಚುವ ಬಗೆಯನ್ನೂ ಯೋಚಿಸಬೇಕು. ತಯಾರಕರು ತಮ್ಮ ವಸ್ತುವಿನ ಕೊನೆಗೂ ಹೊಣೆಗಾರರೆಂಬ ತತ್ವವನ್ನು ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳೂ ಎತ್ತಿಹಿಡಿದಿವೆ.

ಭೂಮಿಯನ್ನು ಅಗೆದು ಅದಿರು ತೆಗೆಯುವುದರಿಂದ ನೆಲವೂ ನೀರೂ ಕೆಡುತ್ತವೆ. ಒಮ್ಮೆ ಅಗೆದು ತಂದ ಲೋಹವನ್ನು ಮತ್ತೆ ಮಣ್ಣಿಗೆ ಎಸೆದು, ಅದಕ್ಕಾಗಿ ಇನ್ನೊಂದು ಬೆಟ್ಟವನ್ನು ಅಗೆಯುವುದು ವಿವೇಕವಲ್ಲ. ಕಸದಿಂದ ರಸವನ್ನು ತೆಗೆಯಲು ಜ್ಞಾನವೂ ಬೇಕು, ಬಂಡವಾಳವೂ ಬೇಕು. ಒಂದನ್ನು ಬಿಟ್ಟು ಇನ್ನೊಂದು ಈ ಕಾರ್ಯವನ್ನು ಸಾಧಿಸಲಾರದು.